ಅವಧಾನಿಗಳ ಪರಂಗಿ ಬೇಟೆ

"ಈ ಸಂಸ್ಥಾನದಲ್ಲಿ ಇನ್ನು ಮೇಲೆ ಒಂದೋ ಧರ್ಮ ಇರಬೇಕು, ಇಲ್ಲ ಪರಂಗಿ ಬುದ್ಧಿ ಇರಬೇಕು. ಎರಡೂ ಇರಕೂಡದು" ಎಂದು ಶೇಷಾದ್ರಿ ಅವಧಾನಿಗಳು ತುಂಬಿದ ಸಭೆಯಲ್ಲಿ ಬೆತ್ತ ಕುಟ್ಟಿ ಹೇಳಿದರು.

ಅವಧಾನಿಗಳೆಂದರೆ ಕಣಿವೆಹಾಳು ಸಂಸ್ಥಾನದ ಧರ್ಮಾಧಿಕಾರಿಗಳು. ಯಾರು ಏನು ತಿನ್ನಬೇಕು, ಯಾವ ದಿಕ್ಕಿಗೆ ತಿರುಗಿ ಸೀನಬೇಕು ಎಂಬುದನ್ನೂ ಅವರೇ ಹೇಳಬೇಕು. ಎಲ್ಲಿ ಶಾಪ ಹಾಕಿಬಿಡುತ್ತಾರೋ ಎಂದು ರಾಜ ಭರಮರಸನೇ ಅವರಿಗೆ ಹೆದರುತ್ತಿದ್ದ.

ಅವರ ಈ ಸಿಟ್ಟಿಗೆ ಕಾರಣ ನೀಲಾಂಬೆ ಎಂಬ ಇಪ್ಪತ್ತೆರಡರ ಹೆಣ್ಣುಮಗಳು. ಅವಳಿಗೆ ಒಂಬತ್ತು ವರ್ಷವಿದ್ದಾಗಲೇ ಗಂಡ ತೀರಿಕೊಂಡಿದ್ದ. ಪಕ್ಕದಲ್ಲೇ ಇದ್ದ ಪರಂಗಿಯವರ, ಅಂದರೆ ಬಿಳಿಯರ, ದಂಡಿನ ಊರಲ್ಲಿ ಪಾದ್ರಿಯ ಹೆಂಡತಿಯ ಹತ್ತಿರ ಓದುಬರಹ ಕಲಿತು ಬಂದು, ತನ್ನ ಜಗಲಿಯ ಮೇಲೆ ಕೇರಿಯ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಷ್ಟಕ್ಕೇ ಅವಧಾನಿಗಳಿಗೆ ಮೈ ಉರಿಯುತ್ತಿತ್ತು. ಈಗ ಅವಳು ಉಪಾಧ್ಯಾಯ ಶ್ರೀಕಂಠನನ್ನು ಮದುವೆಯಾಗುತ್ತೇನೆಂದು ಊರ ಮುಂದೆಯೇ ಹೇಳಿಬಿಟ್ಟಿದ್ದಳು. ಅವಳ ತಲೆ ಬೋಳಿಸಿ ಗಡಿಯಾಚೆ ಅಟ್ಟಬೇಕೆಂಬುದು ಅವಧಾನಿಗಳ ಹಟ.

ರಾಜ ಅವಳನ್ನು ಕರೆಸಿ ಕೇಳಿದ.

"ಮದುವೆ ಆಗ್ತೀನಿ ಅಂದೆ ಬುದ್ಧಿ, ಕದ್ದು ಸೇರ್ತೀನಿ ಅನ್ನಲಿಲ್ಲ. ಇದರಲ್ಲಿ ಅಧರ್ಮ ಯಾವುದು ಅಂತ ತೋರಿಸಿಕೊಟ್ಟರೆ ನಾನೇ ಊರು ಬಿಡ್ತೀನಿ" ಎಂದಳು ನೀಲಾಂಬೆ.

"ನೋಡಿದಿರಾ ಪ್ರಭು? ನನ್ನ ಬಾಳು ನನ್ನಿಷ್ಟ ಅನ್ನೋದೇ ಪರಂಗಿಯವರ ಪಾಠ. ಇವತ್ತು ಒಬ್ಬಳು ಗಂಡನನ್ನು ಆರಿಸಿಕೊಂಡರೆ ನಾಳೆ ಎಲ್ಲರೂ ದೇವರನ್ನೇ ಆರಿಸಿಕೊಳ್ಳೋಕೆ ಹೊರಡ್ತಾರೆ. ಆಮೇಲೆ ಕಟ್ಟು ಯಾವುದು, ಕಟ್ಟಳೆ ಯಾವುದು?" ಎಂದರು ಅವಧಾನಿಗಳು.

ರಾಜ ಉಗ್ರಾಣದ ಕೆಂಚರಸನ ಮುಖ ನೋಡಿದ. ಅರಮನೆಯ ಅಕ್ಕಿಬೇಳೆಯಿಂದ ಹಿಡಿದು ಔಷಧದ ನಾರುಬೇರಿನವರೆಗೆ ಎಲ್ಲವೂ ಕೆಂಚರಸನ ಕೈಯಿಂದಲೇ ಹೋಗಬೇಕು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅವನಿಗೆ ಗೊತ್ತು. ಆ ಹುಡುಗಿ ತಲೆ ಎತ್ತಿ ನಿಂತಿದ್ದು ನೋಡಿ ಅವನಿಗೆ ಹೆಮ್ಮೆಯಾಯಿತು, ಅವಧಾನಿಗಳ ಮುಖ ನೋಡಿ ಹೇಸಿಗೆಯಾಯಿತು. ಆದರೂ ಕೈಮುಗಿದು ಅವರ ಕಡೆಯೇ ಮಾತಾಡಿದ. ಒಬ್ಬಳನ್ನು ಓಡಿಸಿದರೆ ಏನು ಬಂತು, ಪರಂಗಿ ಎಂಬ ಹೆಸರೇ ಈ ಸೀಮೆಯಲ್ಲಿ ಉಳಿಯದ ಹಾಗೆ ಒಂದು ಕಟ್ಟಳೆ ಆಗಬೇಕು ಎಂದ. ಅವಧಾನಿಗಳು ಉಬ್ಬಿಹೋದರು. ಅಲ್ಲೇ ಕೂತು ಬರೆಸಿದರು. ಪರಂಗಿಯ ಹೆಸರು ಹೊತ್ತದ್ದು ಯಾರ ಮನೆಯಲ್ಲಿ, ಮನಸ್ಸಿನಲ್ಲಿ ಕಂಡರೂ, ಅವರು ಎಷ್ಟೇ ದೊಡ್ಡವರಾಗಲಿ, ತಲೆ ಬೋಳಿಸಿ ಗಡಿಪಾರು. ವಸ್ತುಗಳನ್ನು ಒಪ್ಪಿಸಲು ಮೂರು ದಿನ ಗಡುವು. ನಾಲ್ಕನೇ ದಿನ ನೀಲಾಂಬೆಯಿಂದಲೇ ಶುರು.

"ಮೈಯಲ್ಲಿ ಅಂತಲೂ ಸೇರಿಸಿಬಿಡಲೇ ಸ್ವಾಮಿ?" ಎಂದು ಕೆಂಚರಸ ಕೇಳಿದ.

ಕೋಟು ಹಾಕಿಕೊಂಡು ಮೆರೆಯುವ ನಾಲ್ಕು ಪಡ್ಡೆ ಹುಡುಗರು ಅವಧಾನಿಗಳ ಕಣ್ಣ ಮುಂದೆ ಬಂದರು. "ಸೇರಿಸು, ಸೇರಿಸು" ಎಂದು ರುಜು ಹಾಕಿದರು.

ಮಾರನೆಯ ದಿನ ಊರಿಗೆ ಊರೇ ಗೋಳಾಡಿತು. ಹಿತ್ತಿಲ ಪರಂಗಿ ಹಣ್ಣಿನ ಗಿಡಗಳೆಲ್ಲ ನೆಲಕ್ಕೆ ಬಿದ್ದವು. ಯಾರೋ ಮುದುಕಿ, ಈ ಹಣ್ಣು ತಿಂದರೆ ಯಾವ ಧರ್ಮ ಕೆಡುತ್ತದೆ ಎಂದು ಕೇಳಿದ್ದಕ್ಕೆ, ಹೆಸರೇ ಹೇಳುತ್ತದಲ್ಲ ಎಂದು ಅವಧಾನಿಗಳು ಗದರಿಸಿದರು. ತಮ್ಮ ಹಿತ್ತಿಲಿನ ಎರಡು ಗಿಡಗಳನ್ನು ತಾವೇ ನಿಂತು ಕಡಿಸಿ, ಅದನ್ನು ದೊಡ್ಡ ತ್ಯಾಗವೆಂಬಂತೆ ಸಿಕ್ಕಸಿಕ್ಕವರಿಗೆ ಹೇಳಿಕೊಂಡರು.

ನಾಲ್ಕನೇ ದಿನ ಬೆಳಿಗ್ಗೆ, ಜನ ಒಪ್ಪಿಸಿದ ವಸ್ತುಗಳನ್ನು ಸುಡಲು ಅರಮನೆಯ ಅಂಗಳದಲ್ಲಿ ಬೆಂಕಿ ಹಾಕಿದರು. ಒಂದು ಪಕ್ಕ ನೀಲಾಂಬೆ, ಅವಳ ಹಿಂದೆ ಕತ್ತಿ ಮಸೆದುಕೊಂಡು ಕ್ಷೌರಿಕ. ಅವಧಾನಿಗಳು ರಾಜನ ಬಲಕ್ಕೆ ಕೂತಿದ್ದರು. ಕೆಂಚರಸ ಉಗ್ರಾಣದಿಂದ ಒಂದು ಬಟ್ಟೆಗಂಟು ತಂದ.

"ಬುದ್ಧಿ, ಇದೊಂದು ಉಳಿದುಬಿಟ್ಟಿತ್ತು. ಪರಂಗಿ ಚೆಕ್ಕೆ. ಹಡಗಿನಲ್ಲಿ ಬರೋ ಬೇರು."

"ಅದೇನಕ್ಕೆ?" ಎಂದ ರಾಜ.

"ಪರಂಗಿ ಹುಣ್ಣಿಗೆ. ಆ ರೋಗವೂ ಪರಂಗಿಯವರ ಜೊತೆಗೇ ಬಂದದ್ದಂತೆ. ಹೆಂಡತಿ ಮನೇಲಿರುವಾಗ ಸೂಳೆಗೇರಿ ಸುತ್ತೋ ಮಹನೀಯರಿಗೆ ಬರುತ್ತದೆ ಅಂತ ಪಂಡಿತರು ಹೇಳ್ತಾರೆ. ಹದಿನೈದು ದಿನಕ್ಕೊಂದು ಪೊಟ್ಟಣ ತಪ್ಪದೆ ತಗೊಂಡರೆ ಹತೋಟಿಯಲ್ಲಿರುತ್ತದೆ, ತಪ್ಪಿದರೆ ಮೂಗೇ ಉದುರುತ್ತದೆ. ಇನ್ನು ಹಡಗು ಬರೋದು ಮಳೆಗಾಲ ಕಳೆದ ಮೇಲೆ. ನಮಗೇನು, ಕಟ್ಟಳೆ ಅಂದರೆ ಕಟ್ಟಳೆ."

ಕೆಂಚರಸ ಗಂಟನ್ನು ಬೆಂಕಿಯ ಮೇಲೆ ಎತ್ತಿ ಹಿಡಿದ.

"ತಡಿ, ಸುಡಬೇಡ" ಎಂಬ ದನಿ ಬಂತು. ಎದ್ದು ನಿಂತಿದ್ದವರು ಅವಧಾನಿಗಳು. ಇಡೀ ಸಭೆ ಅವರತ್ತ ತಿರುಗಿತು.

ಯಾರೋ ಬಡ ರೋಗಿಗೆ ಬೇಕಾದೀತು ಎಂದು ಅವರು ತೊದಲಿದರು. ಹಾಗಾದರೆ ಆ ಬಡ ರೋಗಿ ಯಾರೆಂದು ತಿಳಿಸಿದರೆ ಅವನ ಮನೆಗೇ ಮುಟ್ಟಿಸುತ್ತೇನೆ, ಕ್ಷೌರಿಕನನ್ನೂ ಜೊತೆಗೆ ಕರೆದೊಯ್ಯುತ್ತೇನೆ ಎಂದ ಕೆಂಚರಸ. ಅವಧಾನಿಗಳ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯಿತು. ಜನ ಅವರ ಮೂಗನ್ನೇ ನೋಡುತ್ತಿದ್ದರು.

"ಹೆಸರಲ್ಲಿ ಪರಂಗಿ ಇದ್ದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ, ಪ್ರಭು" ಎಂದರು ಕೊನೆಗೆ. "ಒಳಗಿನ ಗುಣ ನೋಡಬೇಕು."

"ಅದನ್ನೇ ಬರೆದುಕೊಡಿ ಸ್ವಾಮಿ" ಎಂದು ಕೆಂಚರಸ ಓಲೆ ಮುಂದಿಟ್ಟ.

ಬರೆದುಕೊಟ್ಟರು. ಹಳೆಯ ಕಟ್ಟಳೆ ಬೆಂಕಿಗೆ ಬಿತ್ತು. ಇಷ್ಟು ವರ್ಷ ಹೆದರಿ ಸತ್ತದ್ದು ಈ ಮನುಷ್ಯನಿಗೇ ಎಂದು ನೆನೆದು ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇಕಾದ್ದು ಕೇಳು ಎಂದು ಕೆಂಚರಸನಿಗೆ ಹೇಳಿದ. ನೀಲಾಂಬೆಯ ಮದುವೆಗೆ ಅವಧಾನಿಗಳೇ ಮುಹೂರ್ತ ಇಟ್ಟುಕೊಡಲಿ, ಬೇರೇನೂ ಬೇಡ ಎಂದ ಕೆಂಚರಸ.

ಅವಧಾನಿಗಳು ಪಂಚಾಂಗ ತೆರೆದರು. "ಇಂಥ ಸ್ವೇಚ್ಛೆಗೆ ಮುಹೂರ್ತ ಬೇರೆ ಕೇಡು" ಎಂದು ಒಳಗೊಳಗೇ ಗೊಣಗಿದ್ದು ಕೆಂಚರಸನ ಕಿವಿಗೆ ಬಿತ್ತು.

"ಅವಳ ಸ್ವೇಚ್ಛೆಗೆ ಒಂದು ಮುಹೂರ್ತ ಸಾಕು ಸ್ವಾಮಿ" ಎಂದ ಅವನು. "ಹದಿನೈದು ದಿನಕ್ಕೊಂದು ಪೊಟ್ಟಣ ಬೇಕಾಗಿರೋದು ನಿಮ್ಮ ಧರ್ಮಕ್ಕೆ."