ಕಜ್ಜಿ ಹೊಲದ ಹೆಪ್ಪು

“ಗುರುಗಳೇ, ಒಮ್ಮೆ ಜಾರಿದವನನ್ನು ಜಾರುವ ಜಾಗಕ್ಕೇ ಕಳಿಸಬಹುದೇ?”

ಹೀಗೆ ಕೇಳಿದವನು ನಿರ್ವಾಣಯ್ಯ. ಮಠದ ಆಗುಹೋಗುಗಳನ್ನೆಲ್ಲ ನೋಡಿಕೊಳ್ಳುವ ಶಿಷ್ಯ. ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಆಮೇಲೆ ಪ್ರಶ್ನೆ ಕೇಳಲು ಬರುವುದು ಅವನ ಅಭ್ಯಾಸ. ಗುರುಗಳಿಗೆ ಅದು ಗೊತ್ತಿತ್ತು.

ಸಂತೆಯೂರಿನಲ್ಲಿ ಮಠದ್ದೊಂದು ಛತ್ರವಿತ್ತು. ಸಂತೆಗೆ ಬಂದವರಿಗೆ, ದಾರಿಹೋಕರಿಗೆ ಅಲ್ಲಿ ಎರಡು ಹೊತ್ತು ಊಟ. ಛತ್ರದ ಗೋಡೆಗೆ ಹೊಂದಿಕೊಂಡೇ ಹೆಂಡದಂಗಡಿ. ಛತ್ರ ನೋಡಿಕೊಳ್ಳಲು ಮಠದಿಂದ ಮೊದಲು ಹೋದವನು ಹೆಂಡದ ವಾಸನೆಯನ್ನೂ ಅರಿತವನಲ್ಲ. ಮಳೆಗಾಲ ಮುಗಿಯುವುದರೊಳಗೆ ಅವನ ವಾಸ ಅಂಗಡಿಯ ಜಗಲಿಗೆ ಬದಲಾಯಿತು. ಎರಡನೆಯವನು ಅವನಿಗಿಂತ ಸಾಧು. ಆ ಸಾಧು ಅನ್ನ ಬೇಯಿಸುವ ಹಂಡೆಯನ್ನೇ ಅಂಗಡಿಯವನಲ್ಲಿ ಅಡವಿಟ್ಟ. ಈಗ ಛತ್ರದ ಒಲೆ ಹತ್ತದೆ ತಿಂಗಳಾಗಿತ್ತು. ಹಸಿದು ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಿದ್ದರು. ಮೂರನೆಯವನೂ ಹಾಳಾದರೆ ಛತ್ರಕ್ಕೆ ಬೀಗ ಹಾಕುವುದೊಂದೇ ದಾರಿ.

“ದ್ಯಾಮಣ್ಣನನ್ನು ಕಳಿಸೋಣ ಎಂದುಕೊಂಡಿದ್ದೇನೆ,” ಎಂದ ನಿರ್ವಾಣಯ್ಯ.

ದ್ಯಾಮಣ್ಣ ಮಠದ ದನದ ಕೊಟ್ಟಿಗೆ ನೋಡಿಕೊಳ್ಳುವವನು. ಒಂದು ಕಾಲಕ್ಕೆ ಕಂಠಪೂರ್ತಿ ಕುಡಿದು ಬೀದಿಯಲ್ಲಿ ಬೀಳುತ್ತಿದ್ದವನು. ಕುಡಿತ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ವರ್ಷಗಟ್ಟಲೆ ಹೆಣಗಿ ಕೊನೆಗೆ ಗೆದ್ದಿದ್ದ. ಈಗ ಹೆಂಡದ ಗಡಿಗೆ ಎದುರಿಗಿಟ್ಟರೆ ಅದನ್ನು ಚೆಲ್ಲಿ, ತೊಳೆದು, ಹಸುವಿಗೆ ನೀರು ಕುಡಿಸುವ ಮನುಷ್ಯ.

“ಆದರೆ ಮಠದ ಮರ್ಯಾದೆಯೂ ಉಳಿಯಬೇಕು,” ಎಂದು ನಿರ್ವಾಣಯ್ಯ ಮುಂದುವರಿಸಿದ. “ಅವನಿಗೆ ವಿಮಲಯ್ಯ ಎಂದು ಹೊಸ ಹೆಸರಿಡುತ್ತೇನೆ. ಹಳೆಯದನ್ನು ಯಾರ ಮುಂದೆಯೂ ಎತ್ತುವುದಿಲ್ಲವೆಂದು ಪ್ರಮಾಣ ಮಾಡಿಸುತ್ತೇನೆ. ಹುಟ್ಟಿದಾಗಿನಿಂದ ಹೆಂಡ ಮುಟ್ಟದವನೆಂದೇ ಜನ ತಿಳಿಯಲಿ.”

“ಅವನು ಒಪ್ಪಿದನೇ?”

“ಆಯ್ತು ಬುದ್ಧಿ ಅಂದ. ‘ಕುಡಿತ ಬಿಡಬೇಕು ಅಂತ ಯಾರಾದ್ರೂ ಬಂದು ಪಕ್ಕದಾಗೆ ಕೂತ್ರೆ ಏನ್ ಹೇಳ್ಲಿ’ ಅಂತ ಮಾತ್ರ ಕೇಳಿದ. ನೀತಿ ಹೇಳು ಅಂದೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಏರ್ಪಾಡು ಮಾಡಿದ ಸಮಾಧಾನ ನಿರ್ವಾಣಯ್ಯನ ಮುಖದಲ್ಲಿತ್ತು. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಕಲ್ಲು ತುಂಬಿದ ಪಾಳು ನೆಲವನ್ನು ಹಸನು ಮಾಡಿ ಆಲೂಗಡ್ಡೆ ಹಾಕಿದ. ಗಿಡ ಹುಲುಸಾಗಿ ಬಂತು. ಕಿತ್ತು ನೋಡಿದರೆ ಗೆಡ್ಡೆಗಳಿಗೆಲ್ಲ ಕಜ್ಜಿ. ಸಿಪ್ಪೆಯ ತುಂಬ ಒರಟು ಹುಣ್ಣು. ವ್ಯಾಪಾರಿ ಒಂದನ್ನು ಎತ್ತಿ ನೋಡಿ, ಕೆಳಗಿಟ್ಟು, ಕೈ ಒರೆಸಿಕೊಂಡು ಹೋದ. ರೈತ ಮರುಬೆಳೆಗೆ ಬೂದಿ ಚೆಲ್ಲಿದ. ಕಜ್ಜಿ ಇನ್ನೂ ಹೆಚ್ಚಿತು. ಅದರ ಮುಂದಿನ ಬೆಳೆಗೆ ಬಿತ್ತನೆಯನ್ನೇ ಬದಲಿಸಿದ. ಕಜ್ಜಿ ಬದಲಾಗಲಿಲ್ಲ.

“ಇನ್ನೊಂದೇ ಒಂದು ಸಲ ನೋಡಿ,” ಎಂದಳು ಹೆಂಡತಿ. “ಆಗಲಿಲ್ಲಾಂದ್ರೆ ಈ ನೆಲ ಮೇಕೆ ಮೇಯೋಕೇ ಇರ್ಲಿ. ನಾನು ಕೂಲಿಗೆ ಹೋಗ್ತೀನಿ.”

ಆ ನೆಲದ ಕಲ್ಲು ಆರಿಸಿ ಬೆನ್ನು ಬಗ್ಗಿದ್ದು ಅವಳದೂ ಹೌದು. ರೈತನಿಗೆ ಆ ಮಾತು ನಾಟಿತು. ನೆಲ ಬಿಡುವುದೆಂದರೆ ಅವನಿಗೆ ಜೀವ ಬಿಟ್ಟಷ್ಟೇ ಸಂಕಟ.

ಅದೇ ಊರಿನಲ್ಲಿ ಒಬ್ಬ ಮುದುಕಿಯ ಹೊಲವಿತ್ತು. ಅದರ ಹೆಸರೇ ಕಜ್ಜಿ ಹೊಲ. ಆ ಊರಿನಲ್ಲಿ ಮೊಟ್ಟಮೊದಲು ಕಜ್ಜಿ ಕಾಣಿಸಿದ್ದು ಅಲ್ಲಿ. ಅದರ ಬದುವಿನ ಮೇಲೆ ನಡೆದವರು ತಮ್ಮ ಹೊಲಕ್ಕೆ ಕಾಲಿಡುವ ಮೊದಲು ಅಂಗಾಲು ಒರೆಸಿಕೊಳ್ಳುತ್ತಿದ್ದರು. ಈ ಒರೆಸುವುದರಲ್ಲಿ ನಮ್ಮ ರೈತ ಎಲ್ಲರಿಗಿಂತ ಒಂದು ಕೈ ಮೇಲು. ಹುಲ್ಲಿಗೆ ಉಜ್ಜಿ, ಮೇಲೆ ನೀರನ್ನೂ ಹಾಕಿಕೊಳ್ಳುತ್ತಿದ್ದ. ಮುದುಕಿಗೆ ಬೇರೆ ಹೊಲವಿರಲಿಲ್ಲ. ಅವಳು ಅಲ್ಲೇ ಆಲೂಗಡ್ಡೆ ಹಾಕಿದಳು, ಕಜ್ಜಿ ಹತ್ತಿದ ಗೆಡ್ಡೆಯನ್ನೇ ಹೆರೆದು ಸಾರು ಮಾಡಿದಳು, ಮರುವರ್ಷ ಮತ್ತೆ ಅಲ್ಲೇ ಹಾಕಿದಳು. ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಕಜ್ಜಿ ಇಳಿಯತೊಡಗಿತು. ಆಮೇಲೆ ಹುಡುಕಿದರೂ ಸಿಗದಂತಾಯಿತು. ಹೆಸರು ಮಾತ್ರ ಹೋಗಲಿಲ್ಲ. ಊರಿನವರಿಗೆ ಹೊಲ ನೋಡುವ ವ್ಯವಧಾನ ಎಲ್ಲಿ, ಹೆಸರು ಗೊತ್ತಿದ್ದರೆ ಸಾಕು.

ಬಿತ್ತನೆ ಬದಲಿಸಿದ ವರ್ಷ ಮುದುಕಿಯೂ ರೈತನೂ ಒಂದೇ ಮೂಟೆಯನ್ನು ಹಂಚಿಕೊಂಡಿದ್ದರು. ಬಿದ್ದ ಮಳೆಯೂ ಒಂದೇ. ಅವಳ ಗೆಡ್ಡೆ ಹೊಳೆಯ ಕಲ್ಲಿನಂತೆ ನುಣುಪು, ಇವನದಕ್ಕೆ ಕಜ್ಜಿ. ರೈತ ದಡ್ಡನಲ್ಲ. ಬಿತ್ತನೆ ಬೇರೆಯಲ್ಲ, ಮಳೆ ಬೇರೆಯಲ್ಲ, ಇನ್ನು ಉಳಿದದ್ದು ಮಣ್ಣು ಎಂದು ಲೆಕ್ಕ ಹಾಕಿದ. ನಾಚಿಕೆ ಬಿಟ್ಟು ಮುದುಕಿಯ ಬಾಗಿಲಿಗೆ ಹೋಗಿ, ಒಂದಷ್ಟು ಮಣ್ಣು ಕೊಡಬೇಕು ಎಂದು ಕೇಳಿದ.

ಮುದುಕಿ ನಕ್ಕಳು. “ಕಾಲು ಒರೆಸ್ಕಂಡು ಹೋಗೋನು ಮಣ್ಣ ಕೇಳಕ್ಕೆ ಬಂದಿದೀಯ. ತಗಂಡೋಗು ಮಗ. ಹೆಪ್ಪು ಕೇಳಿದೋರಿಗೆ ಇಲ್ಲ ಅನ್ನಬಾರದು. ದೀಪ ಹಚ್ಚೋದ್ರೊಳಗೆ ಹೊತ್ಕಂಡೋಗು, ಅಷ್ಟೆ.”

ದೀಪ ಹಚ್ಚಿದ ಮೇಲೆ ನೆರೆಮನೆಗೆ ಹೆಪ್ಪು ಕೊಡಬಾರದೆಂಬುದು ಆ ಕಡೆಯ ರೂಢಿ. ಹಾಲಿಗೆ ಬಿಡುವ ಮೊಸರಿಗೆ ಇರುವ ಕಟ್ಟಳೆಯನ್ನು ಮುದುಕಿ ತನ್ನ ಮಣ್ಣಿಗೂ ಹಾಕಿದಳು. ರೈತ ಹೊತ್ತು ಮುಳುಗುವ ಮೊದಲೇ ಮಂಕರಿಗಳಲ್ಲಿ ಮಣ್ಣು ತುಂಬಿ, ಗಾಡಿಗೇರಿಸಿ, ತನ್ನ ಅಂಗಳಕ್ಕೆ ತಂದು ಸುರಿದ.

ಇಷ್ಟು ಕೇಳುತ್ತಲೇ ನಿರ್ವಾಣಯ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಕಜ್ಜಿ ಕಂಡ ಮಣ್ಣೇ ಕಜ್ಜಿಯನ್ನು ತಡೆಯುತ್ತದೆ. ದ್ಯಾಮಣ್ಣನೇ ಸರಿ. ನಾಳೆಯೇ ಕಳಿಸುತ್ತೇನೆ.” ಅವನು ಎದ್ದು ಹೆಗಲ ವಸ್ತ್ರ ಸರಿಮಾಡಿಕೊಂಡ.

“ಮಣ್ಣು ಇನ್ನೂ ಅಂಗಳದಲ್ಲಿದೆ, ಹೊಲಕ್ಕೆ ಬಿದ್ದಿಲ್ಲ. ಕೂತುಕೋ,” ಎಂದರು ಗುರುಗಳು.

ಅಂಗಳದಲ್ಲಿ ಮಣ್ಣಿನ ಗುಡ್ಡೆ ನೋಡಿದ ರೈತನಿಗೆ ಕೈ ಹಿಂಜರಿಯಿತು. ಎಷ್ಟಾದರೂ ಕಜ್ಜಿ ಹೊಲದ ಮಣ್ಣು. ಅದರ ಗುಣ ಬೇಕು, ಅದರ ರೋಗ ಬೇಡ. ಯೋಚಿಸಿ ಯೋಚಿಸಿ ಅವನಿಗೊಂದು ಉಪಾಯ ಹೊಳೆಯಿತು. ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಒಲೆಗೇರಿಸಿ, ಮಣ್ಣು ಹಾಕಿ, ಹುರಿಯತೊಡಗಿದ. ಹೆಂಡತಿ ಒಲೆಗೆ ಸೌದೆ ಒಟ್ಟುತ್ತಾ ಕೂತಳು. ಮಣ್ಣು ಹುರಿಯುವವನನ್ನು ನೋಡಲು ಊರಿಗೆ ಊರೇ ಬಂತು. ರೈತ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹುರಿದದ್ದನ್ನು ಆರಲು ಬಿಟ್ಟು, ಹೆಂಡತಿಯೂ ತಾನೂ ಹೊತ್ತುಕೊಂಡು ಹೋಗಿ ಸಾಲುಗಳಿಗೆ ಹರಡಿ, ಬಿತ್ತನೆ ಗೆಡ್ಡೆ ನೆಟ್ಟ. ಮಡಿ ಮಾಡಿ ಹಾಕಿದ್ದೇನೆ, ಇನ್ನು ಭಯವಿಲ್ಲ ಎಂದ.

ಬೆಳೆ ಬಂತು. ಕಿತ್ತರೆ ಕಜ್ಜಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರೈತ ಗುದ್ದಲಿ ಬಿಸುಟು ಬದುವಿನ ಮೇಲೆ ಕುಕ್ಕರಿಸಿದ. ಅಳು ಬಂತು, ಅತ್ತ. ಹೆಂಡತಿ ಕೀಳುತ್ತಾ ಹೋದಳು. ಬಾವಿಯ ಪಕ್ಕದ ನಾಲ್ಕಾರು ಸಾಲುಗಳಿಗೆ ಬಂದವಳು ಅವನನ್ನು ಕೂಗಿ ಕರೆದಳು. ಅಲ್ಲಿಯ ಗೆಡ್ಡೆಗಳೆಲ್ಲ ನುಣುಪಾಗಿದ್ದವು.

ರೈತ ಕಣ್ಣೊರೆಸಿಕೊಂಡ. “ನೋಡಿದೆಯಾ? ಈ ಸಾಲಿನ ಮಣ್ಣನ್ನ ಚೆನ್ನಾಗಿ ಹುರಿದಿದ್ದೆ. ಉಳಿದಿದ್ದನ್ನೂ ಹಿಂಗೇ ಹುರೀಬೇಕಿತ್ತು.”

“ಈ ಸಾಲಿಗೆ ಹಸಿ ಮಣ್ಣೇ ಹಾಕಿದ್ದು,” ಎಂದಳು ಹೆಂಡತಿ. “ಸೌದೆ ಮುಗಿದೋಗಿತ್ತು. ಹೇಳಿದ್ರೆ ಇನ್ನೊಂದು ಹೊರೆ ತಾ ಅಂತೀರಿ ಅಂತ ಸುಮ್ಮನಾದೆ. ಅಲ್ಲಾ, ಅಜ್ಜಿ ಹೆಪ್ಪು ಅಂತ ತಾನೆ ಕೊಟ್ಟಿದ್ದು? ಹೆಪ್ಪನ್ನ ಯಾರಾದ್ರೂ ಕುದಿಸ್ತಾರಾ?”

ರೈತ ಕೈಯಲ್ಲಿದ್ದ ಗೆಡ್ಡೆಯನ್ನೊಮ್ಮೆ ನೋಡಿದ, ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಕಜ್ಜಿ ತರುವುದು ಮಣ್ಣಿನೊಳಗಿನ, ಕಣ್ಣಿಗೆ ಕಾಣದ ಒಂದು ಜೀವಿ. ಓದಿದವರು ಸೂಕ್ಷ್ಮಜೀವಿ ಎನ್ನುತ್ತಾರೆ. ಮುದುಕಿಯ ಹೊಲದಲ್ಲಿ ಅದರ ಜೊತೆ ಒಂದೇ ಬೇರಿನ ಸುತ್ತ ವರ್ಷಗಟ್ಟಲೆ ಕಾದಾಡಿ, ಅದರ ಬಾಯಿಯ ತುತ್ತು ಕಸಿದು, ಅದನ್ನು ಮೂಲೆಗೆ ಕೂರಿಸಿದ ಬೇರೆ ಸೂಕ್ಷ್ಮಜೀವಿಗಳು ತುಂಬಿಕೊಂಡಿದ್ದವು. ಪಾಳು ಬಿದ್ದಿದ್ದ ಹೊಸ ನೆಲಕ್ಕೆ ಆ ಜಗಳದ ರೂಢಿಯಿರಲಿಲ್ಲ. ಕಜ್ಜಿ ಹೊಲದ ಮಣ್ಣಿನ ಗುಣವೆಂದರೆ ಆ ಗೆದ್ದ ಜೀವಿಗಳೇ. ಕೊಪ್ಪರಿಗೆಯಲ್ಲಿ ಸುಟ್ಟುಹೋದದ್ದೂ ಅವೇ. ರೋಗವನ್ನು ಕಳೆಯಲು ಹೋಗಿ ರೈತ ರೋಗ ಗೆದ್ದವರನ್ನು ಕೊಂದಿದ್ದ.

ಬಾವಿಯ ಪಕ್ಕದ ಸಾಲುಗಳನ್ನು ನೋಡಿದ ಮೇಲೆ ಹೆಂಡತಿ ಕೂಲಿಯ ಮಾತು ಎತ್ತಲಿಲ್ಲ. ರೈತ ಮತ್ತೆ ಮುದುಕಿಯ ಬಾಗಿಲಿಗೆ ಹೋದ, ದೀಪ ಹಚ್ಚುವ ಮೊದಲು. ಹಸಿ ಮಣ್ಣು ತಂದು ಹಸಿಯಾಗಿಯೇ ಹಾಕಿದ. ನೆಲ ಅವನ ಕೈಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ಟಿಗೆಯ ಕಡೆಯಿಂದ ದ್ಯಾಮಣ್ಣ ಹಸುವನ್ನು ಗದರುವುದು ಕೇಳಿಸುತ್ತಿತ್ತು.

ನಿರ್ವಾಣಯ್ಯನಿಗೆ ಕತೆ ಹಿಡಿಸಿತ್ತು. ಮಠದ ಚಿಂತೆ ಮಾತ್ರ ಅವನನ್ನು ಬಿಟ್ಟಿರಲಿಲ್ಲ. “ಆದರೆ ಗುರುಗಳೇ, ಕುಡುಕನಾಗಿದ್ದವನೆಂದು ಸಂತೆಯೂರಿಗೆಲ್ಲ ಗೊತ್ತಾದರೆ ನಮ್ಮ ವಿಮಲಯ್ಯನ ಗತಿ ಏನು?”

“ದ್ಯಾಮಣ್ಣನನ್ನು ಕಳಿಸು, ನಿರ್ವಾಣಯ್ಯ, ಹುರಿದು ಕಳಿಸಬೇಡ.”

ಪ್ರಮಾಣದ ಮಾತನ್ನು ಹಿಂತೆಗೆದುಕೊಳ್ಳಲು ನಿರ್ವಾಣಯ್ಯ ಎದ್ದು ಕೊಟ್ಟಿಗೆಯ ಕಡೆಗೆ ನಡೆದ.