ಕಿಟಕಿ ಮುಚ್ಚಿ ಮಾಡಿದ ಪ್ರಾರ್ಥನೆ

ಕಾವೇರಿಯ ದಂಡೆಯಲ್ಲಿ ಒಂದು ಸಣ್ಣ ಕನ್ಯಾಮಠ. ಅಲ್ಲಿ ಹೊಸದಾಗಿ ಬಂದ ಹುಡುಗಿಯರನ್ನು ತಿದ್ದುವವರು ಮದರ್ ತೆಕ್ಲಾ. ವಯಸ್ಸಾಗಿತ್ತು, ಆದರೆ ಬೆನ್ನು ಬಾಗಿರಲಿಲ್ಲ. ಬೇರೆಯವರು ಬೆನ್ನು ಬಾಗಿಸಿ ಕೂತರೂ ಅವರಿಗೆ ಸೇರುತ್ತಿರಲಿಲ್ಲ.

ಅವರ ಶಿಷ್ಯೆ ಲೂರ್ದುಮೇರಿ. ಮುಂದಿನ ಹಬ್ಬಕ್ಕೆ ವ್ರತ ತೆಗೆದುಕೊಂಡು ಸನ್ಯಾಸಿನಿಯಾಗುವವಳು. ಬಿಳಿ ನಿಲುವಂಗಿ ಆಗಲೇ ಹೊಲಿದಾಗಿತ್ತು.

ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ತೀರಿಹೋದ ಅಣ್ಣನ ಹೆಂಡತಿ ಆರೋಗ್ಯಮ್ಮ ಮತ್ತೆ ಮದುವೆಯಾಗುತ್ತಿದ್ದಾಳೆ. ಕೈಹಿಡಿಯುವವನು ಮಗುವನ್ನು ಒಲ್ಲೆ ಎಂದಿದ್ದಾನೆ. ಮಗು ಸಿಸಿಲಿಗೆ ಐದು ವರ್ಷ. ಅತ್ತೆ ಲೂರ್ದುಮೇರಿ ಬಂದು ಸಾಕಬೇಕು, ಇಲ್ಲವೇ ಮಗು ದೂರದ ಅನಾಥಾಲಯ ಸೇರಬೇಕು.

ಊರಿನಲ್ಲಿ ಇರಲು ಅಪ್ಪನ ಕಾಲದ ಮನೆಯಿತ್ತು. ಬದುಕಲು ಕೈಯಲ್ಲಿ ಹೊಲಿಗೆಯಿತ್ತು. ಆಗುವುದಿಲ್ಲ ಎನ್ನಲು ನೆಪವಿರಲಿಲ್ಲ. ಮನಸ್ಸೊಂದೇ ಅಡ್ಡ.

ಲೂರ್ದುಮೇರಿ ದೇವರನ್ನು ಕೇಳಿದಳು. ಜಪಸರ ಹಿಡಿದು ಒಂಬತ್ತು ದಿನದ ನವೇನ ಪ್ರಾರ್ಥನೆ ಮಾಡಿದಳು. ಉತ್ತರ ಬರಲಿಲ್ಲ. ಇನ್ನೊಂದು ನವೇನ ಮಾಡಿದಳು. ಆಗಲೂ ಬರಲಿಲ್ಲ.

ಒಂದು ಬೆಳಿಗ್ಗೆ ಅವಳು ಪ್ರಾರ್ಥನಾಮಂದಿರದಲ್ಲಿ ಹೊಸ ಮೇಣದಬತ್ತಿ ಹಚ್ಚಿದಳು.

"ಸ್ವಾಮಿ, ಈ ಬತ್ತಿ ಕೊನೆಯವರೆಗೂ ಉರಿದರೆ ಮಠದಲ್ಲೇ ಇರುತ್ತೇನೆ. ನಡುವೆ ಆರಿದರೆ ಊರಿಗೆ ಹೋಗುತ್ತೇನೆ. ನಿನ್ನ ಚಿತ್ತ ತೋರಿಸು."

ಹೊಳೆಯ ಕಡೆಯಿಂದ ಗಾಳಿ ಬಂತು. ಬತ್ತಿ ಆರಿತು.

ಅವಳು ಮತ್ತೆ ಹಚ್ಚಿದಳು. ಮತ್ತೆ ಆರಿತು.

ಲೂರ್ದುಮೇರಿ ಎದ್ದಳು. ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಬತ್ತಿ ಹಚ್ಚಿ, ಮೊಣಕಾಲೂರಿ, ಕಣ್ಣು ಮುಚ್ಚಿದಳು.

"ಕಿಟಕಿ ಯಾಕೆ ಮುಚ್ಚಿದೆ?"

ಬಾಗಿಲಲ್ಲಿ ಮದರ್ ತೆಕ್ಲಾ ನಿಂತಿದ್ದರು.

"ಗಾಳಿ, ಅಮ್ಮನವರೇ. ಬತ್ತಿ ನಿಲ್ಲುತ್ತಿಲ್ಲ."

"ಬತ್ತಿ ಯಾಕೆ ನಿಲ್ಲಬೇಕು?"

ಸುಳ್ಳು ಹೇಳುವ ಅಭ್ಯಾಸ ಲೂರ್ದುಮೇರಿಗೆ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು.

ಮದರ್ ತೆಕ್ಲಾ ಬತ್ತಿಯನ್ನು ನೋಡಿದರು.

"ದೇವರನ್ನು ಮಾತಾಡು ಎಂದು ಕೇಳಿದೆ. ಎರಡು ಸಲ ಆರಿತು."

"ಅದು ಬರೀ ಗಾಳಿ, ಅಮ್ಮನವರೇ."

"ಉರಿದಿದ್ದರೆ ದೇವರು, ಆರಿದರೆ ಗಾಳಿ. ಚೆನ್ನಾಗಿದೆ ನಿನ್ನ ನ್ಯಾಯ."

ಲೂರ್ದುಮೇರಿಯ ಕಿವಿ ಕೆಂಪಾಯಿತು.

"ಹಾಗಾದರೆ ಊರಿಗೆ ಹೋಗು ಎಂದೇ ದೇವರು ಹೇಳಿದ್ದೇ?"

"ಬತ್ತಿಗೆ ಏನು ಗೊತ್ತು? ಒಂದಿಷ್ಟು ಮೇಣ, ಒಂದು ಎಳೆ ನೂಲು." ಮದರ್ ಬಾಗಿ ಉಫ್ ಎಂದು ಬತ್ತಿಯನ್ನು ಆರಿಸಿದರು. "ಮೇಣ ದಂಡ ಮಾಡಬೇಡ."

"ಹಾಗಾದರೆ ದಾರಿ ತೋರಿಸು ಎಂದು ಕೇಳಲೇಬಾರದೇ?"

"ಕೇಳಬೇಕು. ಕೇಳಿದ ಮೇಲೆ ಚಿಲಕ ಹಾಕಬಾರದು."

"ದೇವರು ನೇರವಾಗಿ ಯಾಕೆ ಹೇಳುವುದಿಲ್ಲ ಅಮ್ಮನವರೇ?"

"ಊಟದ ಗಂಟೆ ನೇರವಾಗಿಯೇ ಹೊಡೆಯುತ್ತದೆ. ಆದರೂ ನಿನ್ನನ್ನು ಕರೆಯಲು ಒಬ್ಬರು ಬರಬೇಕು. ಏಳು, ಹಿಟ್ಟು ಕಲಸುವ ಹೊತ್ತಾಯಿತು."

ಪೂಜೆಗೆ ಬೇಕಾಗುವ ತೆಳು ರೊಟ್ಟಿಯನ್ನು ಆ ಮಠದಲ್ಲೇ ಸುಡುತ್ತಿದ್ದರು. ಲೂರ್ದುಮೇರಿ ಕಬ್ಬಿಣದ ಅಚ್ಚಿಗೆ ಹಿಟ್ಟು ಹೊಯ್ದು ಸುಡುವಳು. ಮದರ್ ತೆಕ್ಲಾ ಅದನ್ನು ದುಂಡಗೆ ಕತ್ತರಿಸಿ, ಅಂಚಿನ ಚೂರುಗಳನ್ನು ಬೇರೆ ತಟ್ಟೆಗೆ ಹಾಕುವರು.

ಅಂದು ಮೊದಲ ರೊಟ್ಟಿ ಸುಟ್ಟು ಕಪ್ಪಾಯಿತು. ಎರಡನೆಯದು ಹಸಿಯಾಗಿ ಹರಿಯಿತು. ಮದರ್ ಎರಡನ್ನೂ ಕೋಳಿಗೆ ಹಾಕಿದರು.

ಆ ಹೊತ್ತಿಗೆ ಅಂಗಳದಲ್ಲಿ ಮಾತು ಕೇಳಿಸಿತು. ಆರೋಗ್ಯಮ್ಮ ಮಗುವನ್ನೂ ಒಂದು ಬಟ್ಟೆಗಂಟನ್ನೂ ಹಿಡಿದುಕೊಂಡು ಬಂದಿದ್ದಳು. ನೇರ ಒಳಗೇ ಬಂದಳು.

"ಸ್ತೋತ್ರ ಅಮ್ಮನವರೇ," ಎಂದು ಮದರ್‌ಗೆ ಕೈಮುಗಿದು ನಾದಿನಿಯ ಕಡೆ ತಿರುಗಿದಳು. "ಏನು ಲೂರ್ದು, ದೇವರು ಇನ್ನೂ ಬಾಯಿ ಬಿಟ್ಟಿಲ್ವಾ? ಕೋರ್ಟಿನಲ್ಲಿ ಕೂಡ ಇಷ್ಟು ವಾಯಿದೆ ಕೊಡಲ್ಲ ಕಣೇ."

"ಅತ್ತಿಗೆ, ಸ್ವಲ್ಪ ತಾಳಿ."

"ನಾನು ತಾಳ್ತೀನಿ. ಮದುವೆ ತಾಳುತ್ತಾ? ಸೋಮವಾರ ಚರ್ಚಿನಲ್ಲಿ ಮದುವೆ. ಮಧ್ಯಾಹ್ನದ ಬಸ್ಸಿಗೆ ನಾನು ಹೋಗಲೇಬೇಕು. ನೀನು ಬಂದರೆ ಸರಿ. ಇಲ್ಲ ಅಂದರೆ ಇವಳನ್ನು ದಾರಿಯಲ್ಲೇ ಅನಾಥಾಲಯಕ್ಕೆ ಬಿಟ್ಟು ಹೋಗ್ತೀನಿ. ಹೂಂ ಅನ್ನು, ಇಲ್ಲ ಉಹೂಂ ಅನ್ನು." ಅವಳ ದನಿ ಇಳಿಯಿತು. "ಅಮ್ಮನವರೇ, ನನ್ನನ್ನು ಕೆಟ್ಟವಳು ಅಂದ್ಕೋಬೇಡಿ. ಒಂಟಿ ಹೆಂಗಸು. ಎಷ್ಟು ದಿನ ಅಂತ ಬಾಗಿಲಿಗೆ ಅಗಳಿ ಹಾಕ್ಕೊಂಡು ಕೂರಲಿ?"

"ನಾನು ಏನೂ ಅಂದುಕೊಂಡಿಲ್ಲ," ಎಂದರು ಮದರ್. "ಭೇಟಿ ಕೋಣೆಯಲ್ಲಿ ಕೂತುಕೋ. ಕಾಫಿ ತರುತ್ತಾರೆ."

ಮಗು ತಟ್ಟೆಯನ್ನೇ ನೋಡುತ್ತಿತ್ತು. ಮದರ್ ಅದರ ಕೈತುಂಬ ರೊಟ್ಟಿಯ ಚೂರು ಹಾಕಿದರು. ಮಗು ಒಂದನ್ನು ಬಾಯಿಗೆ ಹಾಕಿ, ಒಂದನ್ನು ಅತ್ತೆಗೆ ಕೊಟ್ಟು, ತಾಯಿಯ ಹಿಂದೆ ಹೋಯಿತು.

ಲೂರ್ದುಮೇರಿ ಅಚ್ಚನ್ನು ಒಲೆಯಿಂದ ಇಳಿಸಿದಳು.

"ನನಗೆ ಆಗುವುದಿಲ್ಲ. ನೀವೇ ಹೇಳಿಬಿಡಿ ಅಮ್ಮನವರೇ. ನಿಮ್ಮ ಮಾತೇ ದೇವರ ಮಾತು ಎಂದುಕೊಳ್ಳುತ್ತೇನೆ."

"ಖಂಡಿತವೇ?"

"ಖಂಡಿತ."

"ಊರಿಗೆ ಹೋಗು."

ಲೂರ್ದುಮೇರಿ ಬೆಚ್ಚಿದಳು. "ಆದರೆ ನಿಲುವಂಗಿ ಹೊಲಿದಾಗಿದೆ. ಮಠದಿಂದ ವಾಪಸು ಬಂದವಳು ಎಂದು ಊರವರು ಆಡಿಕೊಳ್ಳುತ್ತಾರೆ. ಇಷ್ಟು ವರ್ಷ ಇಲ್ಲಿ ಕಲಿತದ್ದೆಲ್ಲ ಏನಾಗಬೇಕು?"

"ಸರಿ. ಹಾಗಾದರೆ ಇಲ್ಲೇ ಇರು."

ಈಗ ಲೂರ್ದುಮೇರಿಯ ಮುಖ ಅರಳಬೇಕಿತ್ತು. ಅರಳಲಿಲ್ಲ.

"ಆದರೆ ಸಿಸಿಲಿಗೆ ಕತ್ತಲೆ ಎಂದರೆ ಭಯ. ಪಕ್ಕದಲ್ಲಿ ಯಾರೂ ಮಲಗದಿದ್ದರೆ ರಕ್ತ ಬರುವ ತನಕ ಉಗುರು ಕಚ್ಚುತ್ತಾಳೆ. ಅನಾಥಾಲಯದಲ್ಲಿ ಸಾಲಾಗಿ ಚಾಪೆ ಹಾಕಿ ಮಲಗಿಸುತ್ತಾರೆ. ಅವಳ ಕೈ ಯಾರು..."

ಮುಂದಿನ ಮಾತು ಹೊರಡಲಿಲ್ಲ.

ಮದರ್ ತೆಕ್ಲಾ ಕತ್ತರಿಯನ್ನು ಕೆಳಗಿಟ್ಟರು.

"ದೇವರ ಮಾತಿಗೆ ಎರಡು ಸಲವೂ ಎದುರಾಡಿದೆ. ಇರಲಿ. ಯಾವುದನ್ನು ಹೇಳುವಾಗ ನಿನ್ನ ಗಂಟಲು ಕಟ್ಟಿತು?"

ಲೂರ್ದುಮೇರಿ ಒಲೆಯ ಬೆಂಕಿ ತೆಗೆದಳು. ಕೈಗೆ ಅಂಟಿದ್ದ ಹಿಟ್ಟು ತೊಳೆದಳು. ಕೆಲಸದ ಮೇಲಂಗಿ ಬಿಚ್ಚಿ, ಮಡಿಸಿ, ಮೊಳೆಗೆ ಸಿಕ್ಕಿಸಿದಳು.

"ಮೂಲೆ ಸರಿಯಾಗಿ ಕೂಡಿಲ್ಲ," ಎಂದರು ಮದರ್.

ಅವಳು ಮತ್ತೆ ಬಿಚ್ಚಿ, ಮೂಲೆ ಕೂಡಿಸಿ, ಮಡಿಸಿದಳು. ಆಮೇಲೆ ಭೇಟಿ ಕೋಣೆಗೆ ನಡೆದಳು. ಮದರ್ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತರು.

ಆರೋಗ್ಯಮ್ಮ ಕಾಫಿ ಮುಟ್ಟಿರಲಿಲ್ಲ. ಮಗು ಬೆಂಚಿನ ಕೆಳಗೆ ತೂರಿ, ಬೆಕ್ಕನ್ನು ಹಿಡಿಯಲು ಹೋಗಿ, ಸಿಗದೆ, ಮೈಯೆಲ್ಲ ಧೂಳು ಮಾಡಿಕೊಂಡು ಹೊರಗೆ ಬಂತು.

"ಅತ್ತೆ, ಬಸ್ಸಲ್ಲಿ ನಾನು ಯಾರ ಜೊತೆ ಹೋಗೋದು?"

ಲೂರ್ದುಮೇರಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕಂದಾ, ದೇವರು ನನಗೆ ಏನು ಹೇಳಿದ ಅಂದರೆ..."

ಹೊಸ್ತಿಲಲ್ಲಿ ಮದರ್ ಕೆಮ್ಮಿದರು.

ಲೂರ್ದುಮೇರಿ ನಿಲ್ಲಿಸಿದಳು. ಮಗುವಿನ ಕೂದಲಿಗೆ ಹತ್ತಿದ್ದ ಜೇಡರ ಬಲೆ ತೆಗೆದಳು.

"ನನ್ನ ಜೊತೆ," ಎಂದಳು. "ನಾನೇ ಕರ್ಕೊಂಡು ಹೋಗ್ತೀನಿ. ಅಪ್ಪನ ಮನೆಗೆ."

ಆರೋಗ್ಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹೊರಗೆ ಹೊಳೆಯ ಆಚೆ ಬಸ್ಸಿನ ಹಾರನ್ ಕೇಳಿಸಿತು. ಲೂರ್ದುಮೇರಿ ಎದ್ದು ಗುರುವಿನ ಕಾಲು ಮುಟ್ಟಿದಳು.

"ಹೇಳುವುದನ್ನು ಹೇಳಿಬಿಟ್ಟೆ, ಅಮ್ಮನವರೇ. ಇದು ದೇವರ ಚಿತ್ತ ಹೌದೋ ಅಲ್ಲವೋ, ನನಗೆ ಯಾವಾಗ ಗೊತ್ತಾಗುತ್ತದೆ?"

ಮದರ್ ತೆಕ್ಲಾ ಅವಳ ತಲೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಆಮೇಲೆ ಮಗುವಿನ ಕಾಲು ನೋಡಿದರು.

"ಅವಳ ಒಂದು ಚಪ್ಪಲಿ ಕಾಣುತ್ತಿಲ್ಲ. ಹುಡುಕು."