ಭೂಗೋಳದ ಪೀರಿಯಡ್ಡಿನಲ್ಲಿ ಸಾಹೇಬರು

ಜಾಣತನದಲ್ಲಿ ನಮ್ಮ ಪೇಟೆಯ ಹೈಸ್ಕೂಲಿನ ಅಕ್ಕೋರ ಮುಂದೆ ನಾವು ವ್ಯಾಪಾರಸ್ಥರೂ ಕಡಿಮೆಯೇ. ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ನಾಲ್ಕನ್ನೂ ಅವರು ಒಂದೇ ಪಾಠದಲ್ಲಿ ಕೂಡಿಸಿ ಕಲಿಸುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಸಿಡಿದರು. "ಭೂಗೋಳದ ಪೀರಿಯಡ್ಡಿನಲ್ಲಿ ಬರೀ ಭೂಗೋಳ! ಇಲ್ಲದಿದ್ದರೆ ವರ್ಗಾವಣೆ!"

"ಆಗಲಿ ಸರ್," ಎಂದರು ಅಕ್ಕೋರು. "ಇದು ಭೂಗೋಳದ ಪೀರಿಯಡ್ಡೇ. ಮಕ್ಕಳಿಗೆ ನಿಮ್ಮ ಪರಿಚಯ ಹೇಳ್ರಿ. ಬೇರೆ ವಿಷಯ ಬಂದರೆ ಅವರೇ ತಡೀತಾರ."

ಸಾಹೇಬರು ಎದೆಯುಬ್ಬಿಸಿದರು. "ನಾನು ಸರ್ಕಾರದ ದೊಡ್ಡ ಅಧಿಕಾರಿ."

"ಅದು ಪೌರನೀತಿ ಸರ್!" ಎಂದು ಇಡೀ ತರಗತಿ ಕೂಗಿತು.

"ಮೂವತ್ತು ವರ್ಷ ಸೇವೆ ಮಾಡೀನಿ."

"ಇತಿಹಾಸ!"

"ನನ್ನ ಪಗಾರ ಗೊತ್ತೇನು?"

"ಅರ್ಥಶಾಸ್ತ್ರ!"

ಸಾಹೇಬರು ಬೆವರೊರೆಸಿಕೊಂಡರು. "ನಮ್ಮೂರು ಸವಣೂರು."

"ಈಗ ಸರಿ ಆತ್ರಿ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಸಾಹೇಬರು ಮೆಲ್ಲಗೆ ಕೇಳಿದರು, "ಅಕ್ಕೋರೇ, ಪೌರನೀತಿ ಪೀರಿಯಡ್ಡು ಯಾವಾಗ?"

"ಗುರುವಾರ ರೀ. ಅಲ್ಲೀತನಕ ನೀವು ಬರೀ ಸವಣೂರಿನವರು."

ಸಾಹೇಬರು ನಕ್ಕುಬಿಟ್ಟರು. "ಕೂಡಿಸೇ ಕಲಿಸ್ರಿ, ತಾಯಿ. ಗುರುವಾರದತನಕ ನನ್ನ ಕುರ್ಚಿ ಯಾರು ಕಾಯಬೇಕು?"